ನಾಲ್ಕೂವರೆ ಎಕರೆಯ ದ್ರಾಕ್ಷಿತೋಟ

ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿ ಬರ್ಗಂಡಿ ಎಂಬ ಸೀಮೆಯುಂಟು. ಅಲ್ಲಿಯ ದಿಜೋಂ ನಗರದ ದಕ್ಷಿಣಕ್ಕೆ, ವೋನ್ ರೊಮಾನೀ ಎಂಬ ಸಣ್ಣ ಗ್ರಾಮದ ಬಳಿಯ ಇಳಿಜಾರಿನಲ್ಲಿ, ಸುಮಾರು ನಾಲ್ಕೂವರೆ ಎಕರೆ ವಿಸ್ತಾರದ ಒಂದು ದ್ರಾಕ್ಷಿತೋಟವಿರುವುದು. ತಗ್ಗಾದ ಗೋಡೆ, ಅದರ ಅಂಚಿನಲ್ಲಿ ಒಂದು ಕಲ್ಲಿನ ಶಿಲುಬೆ, ಬೇರೆ ಆಡಂಬರವಿಲ್ಲ. ನಮ್ಮ ಕಡೆಯ ರೈತನು ಕಂಡರೆ ಸಣ್ಣ ಹಿಡುವಳಿಯೆಂದು ಮುಂದೆ ನಡೆದಾನು. ಆದರೆ ರೊಮಾನೀ ಕೋಂತಿ ಎಂಬ ಈ ತೋಟದ ಕೆಂಪು ದ್ರಾಕ್ಷಾಮದ್ಯಕ್ಕೆ ಲೋಕದಲ್ಲಿ ಸಮಾನವಾದುದು ವಿರಳವೆಂದು ಬಲ್ಲವರು ಹೇಳುವರು. ಪಾನವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಈ ತೋಟವನ್ನು ಉಳಿಸಿಕೊಂಡ ಬಗೆಯಲ್ಲಿ ಪಾನ ಮಾಡದವರೂ ತಿಳಿಯತಕ್ಕ ಸಂಗತಿಯೊಂದಿದೆ.

ಬಹುಕಾಲ ಈ ಭೂಮಿಯು ಸ್ಯಾಂ ವಿವಾಂ ಮಠದ ಸನ್ಯಾಸಿಗಳ ವಶದಲ್ಲಿದ್ದಿತು. ೧೭೬೦ರಲ್ಲಿ ಕೋಂತಿಯ ರಾಜಕುಮಾರನು ಇದನ್ನು ಕೊಂಡು, ಇಲ್ಲಿಯ ಮದ್ಯವನ್ನು ತನ್ನ ಪಂಕ್ತಿಗೇ ಮೀಸಲಿರಿಸಿದನೆಂದು ಪ್ರತೀತಿ. ಫ್ರೆಂಚ್ ಮಹಾಕ್ರಾಂತಿಯಲ್ಲಿ ತೋಟವು ಜಪ್ತಿಯಾಗಿ ಹರಾಜಾಯಿತು. ರಾಜಕುಮಾರನ ಸ್ವತ್ತು ಹೋಯಿತು. ಹೆಸರು ಮಾತ್ರ ಮಣ್ಣಿಗೆ ಅಂಟಿಕೊಂಡು ನಿಂತಿತು.

ಇಲ್ಲಿ ಬೆಳೆಯುವುದು ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ. ಹಣ್ಣು ಕಪ್ಪಾದರೂ ಅದರ ರಸಕ್ಕೆ ಬಣ್ಣವಿಲ್ಲ. ಮದ್ಯದ ಕೆಂಪೆಲ್ಲವೂ ಸಿಪ್ಪೆಯಿಂದ ಬರತಕ್ಕದ್ದು. ಆದುದರಿಂದ ರಸವನ್ನೂ ಸಿಪ್ಪೆಯನ್ನೂ ಕೂಡಿಯೇ ಹುದುಗಿಸಬೇಕು. ಶರತ್ಕಾಲದ ಆರಂಭದಲ್ಲಿ ಗೊಂಚಲುಗಳನ್ನು ಕೈಯಿಂದ ಕೊಯ್ದು, ಕೊಳೆತುದನ್ನೂ ಕಾಯಿಯನ್ನೂ ಆಯ್ದು ತೆಗೆದು, ಬಹುಪಾಲನ್ನು ತೊಟ್ಟುಸಹಿತವಾಗಿಯೇ ಮರದ ದೊಡ್ಡ ತೊಟ್ಟಿಗಳಿಗೆ ತುಂಬುವರು. ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಹಣ್ಣಿನ ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲಾಮ್ಲವಾಯುವನ್ನಾಗಿಯೂ ಮಾರ್ಪಡಿಸುವುವು. ಈ ವಾಯುವಿನ ಒತ್ತಡದಿಂದ ಸಿಪ್ಪೆಯು ಮೇಲಕ್ಕೆ ತೇಲಿ ಗಟ್ಟಿಯಾದ ಪದರವಾಗುವುದು. ಅದನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತಿ ರಸದಲ್ಲಿ ಮುಳುಗಿಸುತ್ತಿರಬೇಕು. ಅನಂತರ ರಸವನ್ನು ಬಸಿದು, ೨೨೮ ಲೀಟರು ಹಿಡಿಯುವ ಹೊಸ ಓಕ್ ಮರದ ಪೀಪಾಯಿಗಳಿಗೆ ಹೊಯ್ದು, ತಣ್ಣಗಿನ ನೆಲಮಾಳಿಗೆಯಲ್ಲಿ ವರ್ಷಕ್ಕೂ ಮೀರಿ ಇರಿಸುವರು. ಸೀಸೆಗೆ ತುಂಬಿ ಬಿರಡೆ ಹಾಕಿದ ಮೇಲೆಯೂ ಅದು ಪಕ್ವವಾಗಲು ಹತ್ತಾರು ವರ್ಷಗಳು ಬೇಕು. ತುಂಬಿದವನೇ ಕುಡಿಯುವನೆಂಬ ನಿಶ್ಚಯವಿಲ್ಲ.

ಇಷ್ಟನ್ನು ನೆರೆಯ ತೋಟದವರೂ ಮಾಡಬಲ್ಲರು. ಹೀಗಿರಲು ಇಲ್ಲಿಯ ಮದ್ಯಕ್ಕೆ ಮಾತ್ರ ಈ ಹಿರಿಮೆ ಹೇಗೆ? ಮಣ್ಣಿನಿಂದ ಎಂಬುದು ಬರ್ಗಂಡಿಯವರ ಉತ್ತರ. ಸುಣ್ಣಕಲ್ಲು ಜೇಡಿಗಳು ಬೆರೆತ ನೆಲ, ಮುಂಜಾನೆಯ ಬಿಸಿಲನ್ನು ಪಡೆಯುವ ಪೂರ್ವಾಭಿಮುಖವಾದ ಇಳಿಜಾರು, ನೀರು ನಿಲ್ಲದ ಬುಡ, ಇವುಗಳೇ ಕಾರಣವೆನ್ನುವರು. ಅಲ್ಲಿ ಮದ್ಯಕ್ಕೆ ಹಣ್ಣಿನ ಹೆಸರನ್ನಿಡುವುದಿಲ್ಲ, ನೆಲದ ಹೆಸರನ್ನಿಡುವರು.

ಈ ನಂಬಿಕೆಗೆ ಕಠಿಣವಾದ ಪರೀಕ್ಷೆಯೊಂದು ಬಂದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರ ಎಂಬ ಕಿರುಹುಳು ಅಮೆರಿಕದಿಂದ ಬಂದು, ಫ್ರಾನ್ಸಿನ ದ್ರಾಕ್ಷಿಯ ಬೇರುಗಳನ್ನು ಹಾಳುಗೆಡವಿತು. ಅಮೆರಿಕದ ಬಳ್ಳಿಗಳು ಈ ಹುಳುವನ್ನು ತಾಳಬಲ್ಲವಾದುದರಿಂದ, ಅವುಗಳ ಬೇರಿಗೆ ತಮ್ಮ ಬಳ್ಳಿಯನ್ನು ಕಸಿಮಾಡಿ ಉಳಿದವರು ತೋಟಗಳನ್ನು ಹೊಸದಾಗಿ ಬೆಳೆಸಿಕೊಂಡರು. ರೊಮಾನೀ ಕೋಂತಿಯ ಒಡೆಯರು ಇದಕ್ಕೆ ಒಪ್ಪಲಿಲ್ಲ. ಮಣ್ಣಿನೊಳಕ್ಕೆ ಕಾರ್ಬನ್ ಡೈಸಲ್ಫೈಡನ್ನು ಹೊಗಿಸಿ ಹುಳುವನ್ನು ತಡೆಯುತ್ತ, ಹಳೆಯ ಬಳ್ಳಿಯ ಕೊಂಬೆಗಳನ್ನೇ ಮಣ್ಣಿನಲ್ಲಿ ಹೂಳಿ ಹೊಸ ಬಳ್ಳಿಗಳನ್ನು ಪಡೆಯುತ್ತ, ಹಲವು ದಶಕಗಳವರೆಗೆ ಸ್ವಂತ ಬೇರನ್ನು ಕಾಪಾಡಿದರು. ಎರಡನೆಯ ಮಹಾಯುದ್ಧ ಬಂದಾಗ ಔಷಧವೂ ದೊರೆಯದಾಯಿತು, ಆಳುಗಳೂ ದೊರೆಯದಾದರು. ಸಾಮಾನ್ಯವಾಗಿ ಐದಾರು ಸಾವಿರ ಸೀಸೆಗಳನ್ನು ಕೊಡಬಲ್ಲ ತೋಟವು ೧೯೪೫ರಲ್ಲಿ ಕೊಟ್ಟುದು ಸುಮಾರು ೬೦೦ ಸೀಸೆ ಮಾತ್ರ.

ಆ ಸುಗ್ಗಿಯ ಬಳಿಕ ಒಡೆಯರು ಬಳ್ಳಿಗಳನ್ನೆಲ್ಲ ಕೀಳಿಸಿದರು. ೧೯೪೭ರಲ್ಲಿ ಕಸಿಮಾಡಿದ ಸಸಿಗಳನ್ನು ನೆಡಿಸಿದರು. ಎಳೆಯ ಬಳ್ಳಿಯ ಹಣ್ಣು ಆ ಹೆಸರಿಗೆ ತಕ್ಕುದಲ್ಲವೆಂದು, ೧೯೪೬ರಿಂದ ೧೯೫೧ರವರೆಗೆ ಆರು ಸುಗ್ಗಿಗಳಲ್ಲಿ ಒಂದು ಸೀಸೆಯ ಮೇಲಾದರೂ ರೊಮಾನೀ ಕೋಂತಿಯ ಹೆಸರು ಬರಲಿಲ್ಲ. ಬೇರಿನೊಡನೆ ಹಿರಿಮೆಯೂ ಹೋಯಿತೋ ಎಂಬ ಶಂಕೆಯನ್ನು ಹೊತ್ತುಕೊಂಡೇ ಅವರು ಕಾದರು. ೧೯೫೨ರ ಬೆಳೆಯಿಂದ ಆ ಹೆಸರು ಮರಳಿತು, ಕೀರ್ತಿಯೂ ಕುಂದಲಿಲ್ಲ. ಕಡೆಯ ಹಳೆಯ ಬೆಳೆಯಾದ ೧೯೪೫ರ ಒಂದೇ ಸೀಸೆಯು ೨೦೧೮ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ೫,೫೮,೦೦೦ ಡಾಲರಿಗೆ ಮಾರಾಟವಾಯಿತು.

ಈ ಬೆಲೆಯನ್ನು ಕೇಳಿ ನಾವು ಬೆರಗಾಗುವುದು ಸಹಜ. ಆದರೆ ನಮಗೆ ಅದಕ್ಕಿಂತ ದೊಡ್ಡದಾಗಿ ತೋರುವುದು ಆ ಆರು ವರ್ಷಗಳ ಮೌನ. ಪ್ರಸಿದ್ಧವಾದ ಹೆಸರನ್ನು ಯಾವ ಹಣ್ಣಿನ ರಸಕ್ಕಾದರೂ ಅಂಟಿಸಿ ಮಾರಲು ಅವರಿಗೆ ಅಡ್ಡಿಯೇನೂ ದೊಡ್ಡದಿರಲಿಲ್ಲ. ಪೂರ್ವಿಕರಿಂದ ಬಂದುದನ್ನು ಉಳಿಸುವುದೆಂದರೆ ಅದನ್ನು ಇದ್ದಂತೆಯೇ ಹಿಡಿದುಕೊಳ್ಳುವುದೆಂದು ನಾವು ಅನೇಕ ವೇಳೆ ಭಾವಿಸುವೆವು. ಬೇರು ಸತ್ತುದನ್ನು ಒಪ್ಪಿಕೊಂಡು, ಕಿತ್ತು, ಹೊಸದನ್ನು ನೆಟ್ಟು, ಅದು ಯೋಗ್ಯವಾಗುವವರೆಗೆ ಹೆಸರನ್ನು ಬಳಸದೆ ಕಾದಿರುವುದೂ ಉಳಿಸುವ ಒಂದು ಮಾರ್ಗವೆಂಬುದನ್ನು ಈ ನಾಲ್ಕೂವರೆ ಎಕರೆಯ ನೆಲವು ತೋರಿಸಿಕೊಟ್ಟಿದೆ.