ಟೀ ಸೊಪ್ಪು, ಬದನೆಕಾಯಿ, ಬೋರ್‌ವೆಲ್ ನೀರು

“ಇದೇನ್ ಚಿಕ್ಕಮ್ಮ, ತರಗು ತಂದಿದೀಯ?”

ಹಿರಿಯೂರು ಸೀಮೆಯ ಯಲ್ಲದಕೆರೆಯ ಅಕ್ಕನ ಮನೆಯಲ್ಲಿ ನಾನು ಟೀ ಪೊಟ್ಟಣ ಬಿಚ್ಚಿದಾಗ ಅಕ್ಕನ ಮಗಳು ಕೇಳಿದ ಮೊದಲ ಮಾತು ಇದು. ಅವಳು ಆರನೇ ಕ್ಲಾಸು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅವರ ಮನೆ ಡಬ್ಬಿಯಲ್ಲಿರುವುದು ಸಾಸಿವೆಯಂಥ ಕಾಳು ಕಾಳಾದ ಟೀ ಪುಡಿ. ನಾನು ತಂದದ್ದು ಕಪ್ಪಗೆ, ಉದ್ದುದ್ದಕ್ಕೆ ಸುರುಟಿಕೊಂಡಿತ್ತು. ಚಿಕ್ಕಮಗಳೂರಿನಲ್ಲಿ ಕೊಂಡ ಬೆಟ್ಟದ ಟೀ, ಸಾವಯವ.

“ಚಿಕ್ಕಮಗಳೂರು ಅಂದ್ರೆ ಕಾಫಿ ಅಲ್ವಾ?”

ಕಾಫಿಯೇ. ಟೀ ಅಂದರೆ ನಮಗೆ ಅಸ್ಸಾಂ, ಡಾರ್ಜಿಲಿಂಗ್, ಊಟಿ ನೆನಪಾಗುತ್ತವೆ. ಆದರೆ ನಮ್ಮ ಮಲೆನಾಡಿನಲ್ಲೂ ಟೀ ತೋಟಗಳಿವೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೆಳಗೂರು, ಸಕಲೇಶಪುರದ ಕಡೆ ಕಾಡುಮನೆ, ದಕ್ಷಿಣ ಕೊಡಗಿನಲ್ಲೂ ಒಂದಿಷ್ಟು. ಕಾಫಿ ತೋಟಗಳ ನಡುವೆ ಇವು ಎಷ್ಟು ಕಡಿಮೆ ಎಂದರೆ, ಕನ್ನಡದ ಮಕ್ಕಳಿಗೇ ಇವುಗಳ ಸುದ್ದಿ ಗೊತ್ತಿಲ್ಲ. ನನಗೆ ಇದು ಬೇಸರದ ಸಂಗತಿ.

ಒಂದು ಗಾಜಿನ ಲೋಟಕ್ಕೆ ನಾಲ್ಕೇ ನಾಲ್ಕು ಎಳೆ ಹಾಕಿ, ಕುದಿಯುವ ನೀರು ಸುರಿದೆ. ಹಾಲಿಲ್ಲ, ಸಕ್ಕರೆಯಿಲ್ಲ. ಎಳೆಗಳು ಮೊದಲು ತೇಲಿದವು. ಆಮೇಲೆ ಒಂದೊಂದೇ ನೆನೆದು ಕೆಳಗಿಳಿಯುತ್ತಾ ಬಿಚ್ಚಿಕೊಂಡವು. ಐದು ನಿಮಿಷದಲ್ಲಿ ಲೋಟದ ತಳದಲ್ಲಿ ಎಲೆಗಳೇ ಇದ್ದವು! ಚಮಚದಲ್ಲಿ ಒಂದನ್ನು ಎತ್ತಿ ಅಂಗೈ ಮೇಲೆ ಹರಡಿದೆವು. ನಡುವೆ ನರ, ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲು. ಹಳಬರು ಇದನ್ನು ‘ಟೀ ಸೊಪ್ಪು’ ಅನ್ನುತ್ತಾರಲ್ಲ, ಎಷ್ಟು ಸರಿಯಾದ ಹೆಸರು ನೋಡಿ. ಕಾಳು ಕಾಳಾದ ಪುಡಿಯೂ ಇದೇ ಸೊಪ್ಪೇ. ಎಲೆಯನ್ನು ಹಲ್ಲಿನ ಉರುಳೆಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಯಂತ್ರ 1930ರ ಸುಮಾರಿಗೆ ಅಸ್ಸಾಂನಲ್ಲಿ ಬಂತು. ಅಲ್ಲಿಂದ ಮುಂದೆ ಎಲೆ ಕಾಳಾಯಿತು.

“ಗಿಡದಲ್ಲಿ ಹಸಿರಾಗಿರೋ ಎಲೆ ಇಷ್ಟು ಕಪ್ಪಗಾಗಿದ್ದು ಹೇಗೆ? ಸುಟ್ಟಿದಾರಾ?”

ಉತ್ತರ ಅಡುಗೆಮನೆಯಲ್ಲೇ ಇತ್ತು. ಅಕ್ಕ ಈಳಿಗೆಮಣೆ ಮೇಲೆ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ಹೋಳುಗಳನ್ನು ಉಪ್ಪುನೀರಿಗೆ ಹಾಕುತ್ತಿದ್ದಳು. ಒಂದು ಹೋಳನ್ನು ಹೊರಗೇ ಇಟ್ಟೆವು. ಸ್ವಲ್ಪ ಹೊತ್ತಿಗೆ ಅದರ ಬಿಳಿ ಮೈ ಕಂದು ತಿರುಗಿತು.

ಬದನೆಕಾಯಿಯ ಒಂದೊಂದು ಜೀವಕೋಶವೂ ಗೋಡೆಗಳಿರುವ ಸಣ್ಣ ಮನೆ. ಒಂದು ಕೋಣೆಯಲ್ಲಿ ಪಾಲಿಫಿನಾಲ್ ಎಂಬ ಒಗರು ವಸ್ತುಗಳು, ಇನ್ನೊಂದರಲ್ಲಿ ಕಿಣ್ವ. ಗೋಡೆ ಗಟ್ಟಿಯಿರುವ ತನಕ ಎರಡೂ ಸೇರುವುದಿಲ್ಲ. ಈಳಿಗೆ ತಾಗಿದರೆ ಗೋಡೆ ಒಡೆಯುತ್ತದೆ, ಗಾಳಿಯ ಆಮ್ಲಜನಕವೂ ಒಳಗೆ ಬರುತ್ತದೆ. ಮೂರೂ ಸೇರಿದರೆ ಕಂದು ಬಣ್ಣ. ಗಾಳಿ ತಾಗದಿರಲಿ ಎಂದೇ ಅಮ್ಮಂದಿರು ಹೋಳನ್ನು ನೀರಿನಲ್ಲಿ ಮುಳುಗಿಸುವುದು.

ಟೀ ಮಾಡುವವರು ಇದಕ್ಕೆ ಪೂರಾ ಉಲ್ಟಾ. ಅವರಿಗೆ ಎಲೆ ಕಪ್ಪಾಗಲೇಬೇಕು. ಒಂದು ಕುಡಿ, ಎರಡು ಎಳೆ ಎಲೆ ಕಿತ್ತು ತಂದು ರಾತ್ರಿಯಿಡೀ ಗಾಳಿಯಾಡುವ ಕಡೆ ಹರಡಿ ಬಾಡಿಸುತ್ತಾರೆ. ತಾಜಾ ಎಲೆ ಮಡಿಸಿದರೆ ಪಟ್ಟನೆ ಮುರಿಯುತ್ತದೆ. ಬಾಡಿದ್ದು ಬಟ್ಟೆಯ ಹಾಗೆ ಮಡಚಿಕೊಳ್ಳುತ್ತದೆ. ಬಾಡಿದ ಎಲೆಯನ್ನು ಹೊಸೆಯುತ್ತಾರೆ, ನಾವು ಬತ್ತಿ ಹೊಸೆಯುವ ಹಾಗೆ. ಆಗ ಒಳಗಿನ ಗೋಡೆಗಳು ಒಡೆದು ರಸ ಹೊರಬರುತ್ತದೆ. ಅದನ್ನು ಹರಡಿ ಒಂದೆರಡು ಗಂಟೆ ಬಿಟ್ಟರೆ ಹಸಿರು ಹೋಗಿ ತಾಮ್ರದ ಬಣ್ಣ ಬರುತ್ತದೆ, ಹಸಿ ಸೊಪ್ಪಿನ ವಾಸನೆ ಹೋಗಿ ಟೀ ಪರಿಮಳ ಬರುತ್ತದೆ. ಕಾರ್ಖಾನೆಯವರು ಇದನ್ನು ‘ಹುದುಗು’ ಅನ್ನುವುದುಂಟು. ಆದರೆ ಇದು ದೋಸೆಹಿಟ್ಟಿನ ಹುದುಗಲ್ಲ. ಅಲ್ಲಿ ಸೂಕ್ಷ್ಮಜೀವಿಗಳ ಕೆಲಸ; ಇಲ್ಲಿ ಎಲೆಯ ಸ್ವಂತ ಕಿಣ್ವದ್ದೇ ಕೆಲಸ. ಕೊನೆಗೆ ಬಿಸಿಗಾಳಿಯಲ್ಲಿ ಒಣಗಿಸಿದರೆ ಕಿಣ್ವ ಕೆಟ್ಟು ಎಲ್ಲವೂ ನಿಲ್ಲುತ್ತದೆ. ಸುಮಾರು ನಾಲ್ಕೂವರೆ ಕಿಲೋ ಹಸಿ ಸೊಪ್ಪಿಗೆ ಒಂದು ಕಿಲೋ ಟೀ. ಗ್ರೀನ್ ಟೀ ಕೂಡ ಇದೇ ಗಿಡದ್ದು. ಎಲೆಯನ್ನು ಮೊದಲೇ ಬಿಸಿ ಮಾಡಿ ಕಿಣ್ವವನ್ನು ಸುಮ್ಮನಾಗಿಸಿರುತ್ತಾರೆ, ಅಷ್ಟೇ.

ಈ ಕೆಲಸದಲ್ಲೆಲ್ಲ ಒಂದು ಸಂಗತಿ ಗಮನಿಸಿದಿರಾ? ಬದನೆಕಾಯನ್ನು ನಾವು ತೊಳೆದು ಹೆಚ್ಚುತ್ತೇವೆ. ಟೀ ಎಲೆಯನ್ನು ಯಾರೂ ತೊಳೆಯುವುದಿಲ್ಲ. ಕಿತ್ತ ಮೇಲೆ ಅದು ಮತ್ತೆ ನೀರು ಕಾಣುವುದು ನಮ್ಮ ಪಾತ್ರೆಯಲ್ಲೇ. ಗಿಡಕ್ಕೆ ಏನು ಸಿಂಪಡಿಸಿದರು ಎಂಬುದು ಅದಕ್ಕೇ ನನಗೆ ಮುಖ್ಯ. ಸಾವಯವ ತೋಟದವರು ರಾಸಾಯನಿಕ ಗೊಬ್ಬರ, ಕೀಟನಾಶಕ ಬಳಸುವುದಿಲ್ಲ. ನಿಲ್ಲಿಸಿದ ದಿನವೇ ‘ಸಾವಯವ’ ಎಂದು ಬರೆದುಕೊಳ್ಳಲೂ ಆಗುವುದಿಲ್ಲ. ನಮ್ಮ ದೇಶದಲ್ಲಿ 2001ರಿಂದ ಇದಕ್ಕೆ ಸರ್ಕಾರದ ನಿಯಮಗಳಿವೆ. ಟೀಯಂಥ ಬಹುವರ್ಷದ ಬೆಳೆಗೆ ಮೂರು ವರ್ಷ ಕಾಯಬೇಕು.

ಮಾತಾಡುತ್ತಾ ಲೋಟ ಮರೆತಿದ್ದೆವು. ನೋಡಿದರೆ ಟೀ ಮೇಲೆ ತೆಳ್ಳನೆ ಕೆನೆ! ಹಾಲು ಹಾಕಿಲ್ಲ, ಕೆನೆ ಎಲ್ಲಿಂದ? ಲೋಟ ಅಲುಗಿಸಿದರೆ ಅದು ಬೇಸಿಗೆಯ ಕೆರೆಯಂಗಳದ ಮಣ್ಣಿನ ಹಾಗೆ ಬಿರಿಯಿತು. ಚಿಕ್ಕಮಗಳೂರಿನಲ್ಲಿ ಇದೇ ಟೀ ಕುಡಿದಾಗ ನನಗೆ ಇದು ಕಂಡಿರಲಿಲ್ಲ.

ನೀರು ಬೋರ್‌ವೆಲ್‌ನದು. ಹಂಡೆಯ ಒಳಗೆ ಬೆಳ್ಳಗೆ ಪದರ ಕಟ್ಟುತ್ತದಲ್ಲ, ಆ ಸುಣ್ಣವೇ ಇಲ್ಲಿಯೂ ಕೆಲಸ ಮಾಡಿತ್ತು. ನೀರಿನ ಸುಣ್ಣದಂಶ, ಟೀಯ ಪಾಲಿಫಿನಾಲ್, ಮೇಲಿನ ಗಾಳಿ ಸೇರಿ ಕಟ್ಟಿದ ಪೊರೆ ಅದು. ಇನ್ನೊಂದು ಲೋಟ ಮಾಡಿ, ಮೊದಲೇ ನಾಲ್ಕು ಹನಿ ನಿಂಬೆರಸ ಹಿಂಡಿದೆವು. ಪೊರೆ ಕಟ್ಟಲಿಲ್ಲ. ಜೊತೆಗೆ ಕಡು ಕಂದು ಬಣ್ಣ ತಿಳಿಯಾಗಿ ಜೇನಿನ ಬಣ್ಣಕ್ಕೆ ಬಂತು. ಹುಳಿಯ ಮುಂದೆ ಸುಣ್ಣದ ಆಟ ನಡೆಯುವುದಿಲ್ಲ. ಟೀಯ ಬಣ್ಣದ ಕಣಗಳೂ ಹುಳಿ ತಾಗಿದರೆ ಬಣ್ಣ ಬದಲಿಸುತ್ತವೆ.

“ಹಂಗಾದ್ರೆ ನಮ್ಮ ಹೊಲದಲ್ಲೂ ಟೀ ಹಾಕೋಣ!”

ಆಗುವುದಿಲ್ಲ ಮಗಳೇ, ಅದಕ್ಕೂ ಈ ಸುಣ್ಣವೇ ಅಡ್ಡಿ. ಟೀ ಗಿಡಕ್ಕೆ ಹುಳಿ ಮಣ್ಣು ಬೇಕು, ಸುಣ್ಣದ ಮಣ್ಣು ಒಗ್ಗುವುದಿಲ್ಲ. ಮಲೆನಾಡಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಮಣ್ಣಿನ ಸುಣ್ಣವನ್ನು ಕರಗಿಸಿ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಹುಳಿ ಮಣ್ಣು. ಹಿರಿಯೂರು ಸೀಮೆಯ ಮಳೆ ಸುಮಾರು 600 ಮಿಲಿಮೀಟರ್. ಇಲ್ಲಿ ಸುಣ್ಣ ನೆಲದಲ್ಲೇ ಉಳಿಯುತ್ತದೆ, ಎರೆಹೊಲ ಅಗೆದರೆ ಬಿಳಿ ಹರಳುಗಳೇ ಸಿಗುತ್ತವೆ. ಬೆಟ್ಟದ ಆ ಮಳೆ ನಮಗೆ ಪೂರ್ತಿ ದೂರವೂ ಅಲ್ಲ. ಇಲ್ಲಿನ ವಾಣಿ ವಿಲಾಸ ಸಾಗರ ಡ್ಯಾಂ ತುಂಬಿಸುವ ವೇದಾವತಿ ಹುಟ್ಟುವುದು ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯ ಕಡೆಯೇ. 1933ರ ನಂತರ 2022ರಲ್ಲಿ ಆ ಡ್ಯಾಂ ಕೋಡಿ ಬಿದ್ದಾಗ ಅಕ್ಕನ ಮಗಳೂ ಅಪ್ಪನ ಜೊತೆ ನೋಡಲು ಹೋಗಿದ್ದಳಂತೆ.

ಅವಳು ಬಿಚ್ಚಿಕೊಂಡ ಎಲೆಯೊಂದನ್ನು ಒರೆಸಿ ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ, “ಮಳೆ ನೀರಲ್ಲಿ ಸುಣ್ಣ ಇರಲ್ಲ ಅಲ್ವಾ ಚಿಕ್ಕಮ್ಮ?” ಎಂದಳು. ಇರುವುದಿಲ್ಲ ಎಂದೆ. ಒಂದು ಸ್ಟೀಲ್ ಪಾತ್ರೆ ತೊಳೆದು ಅಂಗಳದ ನಡುವೆ ಇಟ್ಟು ಬಂದಳು. ಉತ್ತರೆ ಮಳೆ ಶುರುವಾಗಲು ಇನ್ನೂ ನಾಲ್ಕು ದಿನವಿತ್ತು.