ಮರ ಕೊಯ್ಯುವ ಮಿಷನ್ನಿನ ಚೈನಿಗೆ ಅರ ಹಾಕುವುದು: ಯಾವ ಸಲಕರಣೆ, ಯಾವ ವಿಧಾನ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತರ ಗೋಷ್ಠಿಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಇಂದು ನನಗೆ ಕೊಟ್ಟ ವಿಷಯ ಕೇಳಿ ಕೆಲವು ಸ್ನೇಹಿತರು ನಕ್ಕರು. "ಅರ ಹಾಕೋದಕ್ಕೂ ಒಂದು ಭಾಷಣವೇ ಮಾರಾಯ್ರೆ?" ಅಂದರು. ಆದರೆ ಕಳೆದ ಮಹಾಸಭೆಯಲ್ಲಿ ಒಂದು ಸಲಹೆ ಬಂದಿತ್ತು. ಸಂಘದಿಂದ ಒಂದು ಕರೆಂಟಿನ ಸಾಣೆ ಮಿಷನ್ ಕೊಳ್ಳಬೇಕು, ಸದಸ್ಯರು ತಮ್ಮ ಚೈನುಗಳನ್ನು ತಂದು ಅಲ್ಲೇ ಹರಿತ ಮಾಡಿಸಿಕೊಳ್ಳಬೇಕು ಎಂಬುದು ಆ ಸಲಹೆ. ಅದು ಬೇಕೋ ಬೇಡವೋ ಎಂದು ಯೋಚಿಸುವ ಮೊದಲು ಈ ಕೆಲಸದ ಒಳಗುಟ್ಟು ಏನು ಎಂದು ನಾವು ತಿಳಿದಿರಬೇಕು. ಅದಕ್ಕಾಗಿ ನಿಂತಿದ್ದೇನೆ.

1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತನಿಗೆ ಬೇಕಾಗಿದ್ದದ್ದು ನ್ಯಾಯವಾದ ಬಡ್ಡಿಯ ಸಾಲ. ಇಂದು ಸಾಲ ಸಿಗುತ್ತದೆ, ಮಿಷನ್ನೂ ಸಿಗುತ್ತದೆ. ಮಿಷನ್ನಿನ ಜೊತೆ ಬರಬೇಕಾದ ತಿಳುವಳಿಕೆ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ನಾವು ನಾವೇ ಹಂಚಿಕೊಳ್ಳಬೇಕು.

ಹುಳು ಕಲಿಸಿದ ಪಾಠ

ಈ ಚೈನಿನ ಹಲ್ಲು ಹೇಗೆ ಹುಟ್ಟಿತು ಎಂಬುದಕ್ಕೆ ಒಂದು ಸ್ವಾರಸ್ಯದ ಕಥೆಯಿದೆ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನಿಂದ ಓಡುವ, 1929ರಲ್ಲಿ ಪೆಟ್ರೋಲಿನಿಂದ ಓಡುವ ಚೈನ್ ಗರಗಸ ಮಾಡಿದರು. ಆದರೆ ಆ ಕಾಲದ ಹಲ್ಲುಗಳು ಮರವನ್ನು ಪರಚುತ್ತಿದ್ದವು. ಬೇಗ ಮೊಂಡಾಗುತ್ತಿದ್ದವು, ಅರ ಹಾಕಲು ಹೊತ್ತು ಹಿಡಿಯುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸ ಮಾಡುತ್ತಿದ್ದ ಜೋಸೆಫ್ ಬುಫರ್ಡ್ ಕಾಕ್ಸ್ ಎಂಬವರು ಒಂದು ಬುಡದಲ್ಲಿ ಮರ ಕೊರೆಯುವ ದುಂಬಿಯ ಹುಳುವನ್ನು ಕಂಡರು. ಅದು ತನ್ನ ಎರಡು ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರವನ್ನು ಕೆರೆಯುತ್ತಾ ಸಲೀಸಾಗಿ ಮುಂದೆ ಹೋಗುತ್ತಿತ್ತು. ಅದೇ ರೀತಿ ಎಡ ಬಲ ಸರದಿಯಲ್ಲಿ ಬಾಗಿದ ಹಲ್ಲುಗಳ ಚೈನನ್ನು ಅವರು ಮಾಡಿ, 1947ರಲ್ಲಿ ಮಾರಾಟಕ್ಕೆ ತಂದರು. ಇಂದು ನಮ್ಮ ಮಿಷನ್ನುಗಳಲ್ಲಿ ಓಡುವುದು ಅದೇ ಜಾತಿಯ ಚೈನು. ಕಾಫಿ ಗಿಡದ ಕಾಂಡ ಕೊರಕನಿಗೆ ಶಾಪ ಹಾಕುವ ನಮಗೆ ಇದು ಸೋಜಿಗವೇ ಸರಿ!

ಇಲ್ಲಿ ತಿಳಿಯಬೇಕಾದ್ದು ಇಷ್ಟೆ. ಈ ಹಲ್ಲು ಗರಗಸದ ಹಲ್ಲಿನಂತೆ ಕೆಲಸ ಮಾಡುವುದಿಲ್ಲ, ಬಡಗಿಯ ಉಳಿಯಂತೆ, ತೋಪಡದಂತೆ ಕೆಲಸ ಮಾಡುತ್ತದೆ. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಗೂಟವಿದೆ. ಮೆಕ್ಯಾನಿಕ್ಕುಗಳು ಅದಕ್ಕೆ ಡೆಪ್ತ್ ಗೇಜ್ ಅನ್ನುತ್ತಾರೆ, ನಾವು ಗೂಟ ಅನ್ನೋಣ. ಹಲ್ಲು ಎಷ್ಟು ದಪ್ಪದ ಸಿಬಿರು ಎಬ್ಬಿಸಬೇಕು ಎಂದು ತೀರ್ಮಾನಿಸುವುದು ಆ ಗೂಟ. ಹಲ್ಲು ಗೂಟಕ್ಕಿಂತ ಸಾಮಾನ್ಯವಾಗಿ 0.025 ಇಂಚು, ಅಂದರೆ ಸುಮಾರು 0.65 ಮಿಲಿಮೀಟರ್ ಮಾತ್ರ ಎತ್ತರ ಇರುತ್ತದೆ.

ಮೊಂಡಾದದ್ದು ತಿಳಿಯುವುದು ಹೇಗೆ?

ಹರಿತವಾದ ಚೈನು ದಪ್ಪ ಸಿಬಿರು ಉದುರಿಸುತ್ತದೆ. ಮೊಂಡಾದ ಚೈನು ಹಿಟ್ಟಿನಂತಹ ಹುಡಿ ಉದುರಿಸುತ್ತದೆ. ಹರಿತವಿದ್ದರೆ ಮಿಷನ್ನು ತನ್ನಷ್ಟಕ್ಕೆ ಮರದೊಳಗೆ ಇಳಿಯುತ್ತದೆ, ಮೊಂಡಾದರೆ ನಾವು ಒತ್ತಬೇಕು. ಎಣ್ಣೆ ಸರಿಯಾಗಿ ಬರುತ್ತಿದ್ದರೂ ಹೊಗೆ ಬಂದರೆ, ಕೊಯ್ತ ಒಂದು ಕಡೆಗೆ ವಾಲಿದರೆ, ಕೂಡಲೇ ನಿಲ್ಲಿಸಿ ಹಲ್ಲು ನೋಡಿ. ಒತ್ತಿ ಕೊಯ್ದರೆ ಪೆಟ್ರೋಲ್ ದಂಡ, ಬಾರ್ ಸವೆತ, ಇಂಜಿನ್ನಿಗೂ ಕಷ್ಟ, ನಮ್ಮ ರಟ್ಟೆಗೂ ನೋವು. ಮಣ್ಣಿನಲ್ಲಿ ಎಳೆದು ತಂದ ದಿಮ್ಮಿಯ ಸಿಪ್ಪೆಯಲ್ಲಿ ಮರಳು ಇರುತ್ತದೆ. ಅದನ್ನು ಕತ್ತಿಯಿಂದ ಕೆರೆದು ತೆಗೆಯದೆ ಚೈನು ಇಟ್ಟರೆ ಒಂದೇ ಕೊಯ್ತಕ್ಕೆ ಹರಿತ ಹೋಗುತ್ತದೆ.

ಯಾವ ಸಲಕರಣೆ ಆರಿಸಬೇಕು?

ಮೊದಲನೆಯದು, ಬರಿಯ ದುಂಡು ಅರ. ಇಲ್ಲಿ ಒಂದು ಎಚ್ಚರಿಕೆ. ಕಬ್ಬಿಣದ ಅಂಗಡಿಯಲ್ಲಿ ಸಿಗುವ, ತುದಿಗೆ ಹೋದಂತೆ ಸಣ್ಣಗಾಗುವ ಇಲಿಬಾಲದ ಅರ ಇದಕ್ಕೆ ಆಗದು. ಚೈನಿನ ಅರ ಉದ್ದಕ್ಕೂ ಒಂದೇ ದಪ್ಪ ಇರಬೇಕು. ಅದರ ಅಳತೆ ಚೈನಿನ ಪಿಚ್ಚಿಗೆ ಹೊಂದಬೇಕು. ಸಾಲಾಗಿ ಮೂರು ರಿವಿಟ್ಟುಗಳ ದೂರ ಅಳೆದು ಎರಡರಿಂದ ಭಾಗಿಸಿದರೆ ಪಿಚ್ ಸಿಗುತ್ತದೆ. 0.325 ಇಂಚಿನ ಪಿಚ್ಚಿಗೆ 4.8 ಮಿಲಿಮೀಟರ್ ಅರ. 3/8 ಇಂಚಿನ ದೊಡ್ಡ ಚೈನಿಗೆ 5.2 ಅಥವಾ 5.5 ಮಿಲಿಮೀಟರ್. ಸಣ್ಣ ಮಿಷನ್ನುಗಳಲ್ಲಿ ಬರುವ 3/8 ಇಂಚಿನ ಗಿಡ್ಡ ಹಲ್ಲಿನ ಚೈನಿಗೆ 4 ಮಿಲಿಮೀಟರ್. ಅನುಮಾನವಿದ್ದರೆ ಮಿಷನ್ನಿನ ಪುಸ್ತಕ ನೋಡಿ. ಅರ ದಪ್ಪವಾದರೆ ಹಲ್ಲಿನ ಬಾಯಿ ಹಿಂದಕ್ಕೆ ಬಾಗಿ ಮರವನ್ನು ಹಿಡಿಯುವುದೇ ಇಲ್ಲ. ತೆಳುವಾದರೆ ಬಾಯಿ ಕೊಕ್ಕೆಯಂತಾಗಿ ಬೇಗ ಮೊಂಡಾಗುತ್ತದೆ.

ಎರಡನೆಯದು, ಅರಕ್ಕೆ ಸಿಕ್ಕಿಸುವ ತಗಡಿನ ಹಿಡಿಕೆ. ಅದರ ಮೇಲೆ 30 ಡಿಗ್ರಿಯ ಗೆರೆ ಇರುತ್ತದೆ. ಗೆರೆಯನ್ನು ಚೈನಿಗೆ ಸಮನಾಗಿ ಹಿಡಿದರೆ ಕೋನ ತಪ್ಪುವುದಿಲ್ಲ, ಅರ ಆಳಕ್ಕೆ ಇಳಿಯುವುದೂ ಇಲ್ಲ. ಹೊಸಬರಿಗೆ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಮೂರನೆಯದು, ಎರಡು ದುಂಡು ಅರ ಮತ್ತು ಒಂದು ಚಪ್ಪಟೆ ಅರ ಒಟ್ಟಿಗೆ ಕೂರಿಸಿದ ಹಿಡಿಕೆ. ಹಲ್ಲು ಉಜ್ಜುವಾಗಲೇ ಗೂಟವೂ ತಕ್ಕಷ್ಟು ಸವೆಯುತ್ತದೆ. ಬೆಲೆ ಹೆಚ್ಚು, ಆದರೆ ಗೂಟದ ವಿಷಯದಲ್ಲಿ ಮರೆವು ಇರುವವರಿಗೆ ಉತ್ತಮ. ಪಿಚ್ಚಿಗೆ ತಕ್ಕದ್ದನ್ನೇ ಕೊಳ್ಳಬೇಕು.

ನಾಲ್ಕನೆಯದು, ಬಾರಿಗೆ ಬಿಗಿಯುವ ಚೌಕಟ್ಟು. ಕೋನ, ಎತ್ತರ, ಹಲ್ಲಿನ ಉದ್ದ ಎಲ್ಲವೂ ಕರಾರುವಾಕ್ಕಾಗಿ ಬರುತ್ತದೆ. ಆದರೆ ಕಾಡಿನಲ್ಲಿ, ತೋಟದಲ್ಲಿ ಇದನ್ನು ಬಿಗಿಯುತ್ತಾ ಕೂರಲು ಪುರುಸೊತ್ತಿಲ್ಲ. ಮನೆಯಲ್ಲಿ ತಿಂಗಳಿಗೊಮ್ಮೆ ಹಲ್ಲುಗಳನ್ನು ಸಮ ಮಾಡಲು ಸರಿ.

ಐದನೆಯದು, ಕರೆಂಟಿನ ಸಾಣೆ ಮಿಷನ್. ಕಲ್ಲಿಗೋ ಮೊಳೆಗೋ ತಾಗಿ ಹಲ್ಲುಗಳು ಹಾಳಾದಾಗ, ಒಂದೊಂದು ಹಲ್ಲು ಒಂದೊಂದು ಉದ್ದ ಆದಾಗ ಇದು ಉಪಕಾರಿ. ಆದರೆ ಅವಸರದಲ್ಲಿ ಒತ್ತಿದರೆ ಉಕ್ಕು ಕಾದು ನೀಲಿಯಾಗುತ್ತದೆ. ನೀಲಿಯಾದ ಹಲ್ಲಿನ ಹದ ಕೆಟ್ಟಿತು ಎಂದೇ ಅರ್ಥ. ಮೇಲಾಗಿ ಅರ ತೆಗೆಯುವುದಕ್ಕಿಂತ ಹೆಚ್ಚು ಉಕ್ಕನ್ನು ಈ ಕಲ್ಲು ತಿಂದುಬಿಡುತ್ತದೆ. ಒಂದು ಹಲ್ಲಿನಲ್ಲಿ ಉಜ್ಜಿ ಬಳಸಬಹುದಾದ ಉಕ್ಕು ಕೆಲವೇ ಮಿಲಿಮೀಟರ್. ಅದು ನಮ್ಮ ಠೇವಣಿ ಇದ್ದ ಹಾಗೆ. ಒಮ್ಮೆಲೇ ತೆಗೆದರೆ ಬೇಗ ಖಾಲಿ. ಇನ್ನು ವೆಲ್ಡಿಂಗ್ ಕೆಲಸದ ಕೈ ಗ್ರೈಂಡರಿನಿಂದ ಹಲ್ಲು ಉಜ್ಜುವುದನ್ನು ದಯವಿಟ್ಟು ಯಾರೂ ಮಾಡಬೇಡಿ.

ನನ್ನದೇ ತಪ್ಪು

ಇದನ್ನು ನಾನು ಓದಿ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಒಂದು ಮಳೆಗಾಲದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ನಮ್ಮ ಮನೆ ದಾರಿಗೆ ಅಡ್ಡ ಬಿದ್ದಿತ್ತು. ಚೈನನ್ನು ಹಿಂದಿನ ದಿನ ಪೇಟೆಯ ಒಂದು ಅಂಗಡಿಯಲ್ಲಿ ಸಾಣೆ ಹಿಡಿಸಿ ತಂದಿದ್ದೆ. ಹಲ್ಲಿನ ತುದಿ ನೀಲಿಯಾಗಿತ್ತು, ನಾನು ಗಮನಿಸಲಿಲ್ಲ. ಸ್ವಲ್ಪ ಹೊತ್ತಿಗೇ ಹುಡಿ ಉದುರತೊಡಗಿತು. ಅರ ಹಾಕಿದರೆ ಜಾರುತ್ತದೆ, ಕಡಿಯುವುದಿಲ್ಲ. "ಗೂಟ ತಗ್ಗಿಸಿದರೆ ಚೆನ್ನಾಗಿ ಕೊಯ್ಯುತ್ತದೆ" ಎಂದು ಯಾರೋ ಹೇಳಿದ್ದು ನೆನಪಾಯಿತು. ಅಳತೆಯಿಲ್ಲದೆ, ಕಣ್ಣಂದಾಜಿನಲ್ಲಿ ಚಪ್ಪಟೆ ಅರದಿಂದ ಗೂಟಗಳನ್ನೆಲ್ಲ ಉಜ್ಜಿದೆ. ಚೈನು ಮರವನ್ನು ಕಚ್ಚಿತು ನಿಜ. ಕೊಯ್ಯುತ್ತಿರುವಾಗ ಬಾರಿನ ತುದಿಯ ಮೇಲ್ಭಾಗ ಒಂದು ಕೊಂಬೆಗೆ ತಾಗಿದ್ದೇ ತಡ, ಮಿಷನ್ನು ಮುಖದ ಕಡೆಗೆ ಎಗರಿತು. ಬ್ರೇಕ್ ಬಿದ್ದು ಚೈನು ನಿಂತದ್ದರಿಂದ ಇಂದು ನಿಮ್ಮ ಮುಂದೆ ನಿಂತಿದ್ದೇನೆ. ಭುಜದ ಮೇಲೆ ಹೊಲಿಗೆಯ ಗುರುತು ಈಗಲೂ ಇದೆ. ಅಂಗಡಿಯವನನ್ನು ದೂರುವುದು ಸುಲಭ. ಆದರೆ ನೀಲಿ ಹಲ್ಲನ್ನು ನೋಡದೆ ತಂದವನೂ ನಾನೇ, ಅಳತೆ ಇಲ್ಲದೆ ಗೂಟ ಉಜ್ಜಿದವನೂ ನಾನೇ.

ಅರ ಹಾಕುವ ಕ್ರಮ

1. ಇಂಜಿನ್ ನಿಲ್ಲಿಸಿ, ಆರಲು ಬಿಡಿ. ಕೈಗೆ ಗ್ಲೌಸ್ ಹಾಕಿ. ಬಾರನ್ನು ವೈಸಿನಲ್ಲಿ ಹಿಡಿಸಿ. ತೋಟದಲ್ಲಾದರೆ ಮರದ ಬುಡದಲ್ಲಿ ಒಂದು ಸೀಳು ಮಾಡಿಕೊಂಡು ಅದರಲ್ಲಿ ಬಾರ್ ಕೂರಿಸಿ. ಚೈನಿನ ಜಿಡ್ಡು ಒರೆಸಿ.

2. ಎಲ್ಲಕ್ಕಿಂತ ಗಿಡ್ಡ ಹಲ್ಲನ್ನು ಹುಡುಕಿ ಗುರುತು ಹಾಕಿ. ಉಳಿದವು ಅದಕ್ಕೆ ಸಮ ಆಗಬೇಕು. ಇಲ್ಲದಿದ್ದರೆ ಕೊಯ್ತ ಓರೆಯಾಗುತ್ತದೆ.

3. ಅರದ ದಪ್ಪದಲ್ಲಿ ಐದನೇ ಒಂದು ಪಾಲು ಹಲ್ಲಿನ ಮೇಲ್ಮೈಯಿಂದ ಮೇಲೆ ಕಾಣುವಂತೆ ಹಿಡಿಯಿರಿ. ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಿ. ಹಿಂದಕ್ಕೆ ಎಳೆಯುವಾಗ ಅರವನ್ನು ಎತ್ತಿ. ಅರ ಕಡಿಯುವುದು ಮುಂದಕ್ಕೆ ಹೋಗುವಾಗ ಮಾತ್ರ.

4. ಒಂದು ಕಡೆಯ ಹಲ್ಲುಗಳನ್ನೆಲ್ಲ ಮುಗಿಸಿ, ಆಮೇಲೆ ಇನ್ನೊಂದು ಕಡೆ. ದಿನವೂ ಹಾಕುವವರಿಗೆ ಹಲ್ಲಿಗೆ ಎರಡು ಮೂರು ಸಲ ತಳ್ಳಿದರೆ ಸಾಕು. ಬಾಯಿಯಲ್ಲಿ ಬಿಳಿ ಹೊಳಪು ಕಂಡರೆ ಇನ್ನೂ ಮೊಂಡು ಇದೆ ಎಂದು ತಿಳಿಯಿರಿ.

5. ಕೆಲವು ಸಲ ಅರ ಹಾಕಿದ ಮೇಲೆ ಗೂಟ ನೋಡಿ. ಅಳತೆಯ ತಗಡು ಇಟ್ಟು, ಅದರ ಮೇಲೆ ಕಂಡಷ್ಟನ್ನು ಮಾತ್ರ ಚಪ್ಪಟೆ ಅರದಿಂದ ತೆಗೆದು, ಮುಂದಿನ ಮೂಲೆಯನ್ನು ದುಂಡಗೆ ಮಾಡಿ. ತಗಡು ಇಲ್ಲದಿದ್ದರೆ ಗೂಟ ಮುಟ್ಟಬೇಡಿ.

6. ಹಲ್ಲಿನ ಮೇಲಿನ ಗುರುತಿನ ಗೆರೆ ತನಕ ಸವೆದರೆ ಚೈನು ಎಸೆಯಿರಿ. ಬಿರುಕು ಕಂಡರೂ ಅಷ್ಟೆ. ಅದರಲ್ಲಿ ಜಿಪುಣತನ ಬೇಡ.

ನನ್ನ ಸಲಹೆ

ನಮ್ಮ ತಾಯಂದಿರು ಅಡಿಕೆ ಸುಲಿಯುವಾಗ ನೋಡಿದ್ದೀರಿ. ಮೆಟ್ಟುಗತ್ತಿಯ ಬಾಯಿ ಸ್ವಲ್ಪ ಹೋಯಿತು ಅನ್ನಿಸಿದರೆ ಅವರೇ ಕೂತಲ್ಲಿ ಎರಡು ಸಲ ಮಸೆದು ಮತ್ತೆ ಸುಲಿಯುತ್ತಾರೆ. ವಾರಕ್ಕೊಮ್ಮೆ ಪೇಟೆಗೆ ಕಳಿಸಿ ಮಸೆಸುವುದಿಲ್ಲ. ಚೈನಿನ ನ್ಯಾಯವೂ ಇದೇ. ಪೆಟ್ರೋಲ್ ತುಂಬಲು ಮಿಷನ್ ನಿಲ್ಲಿಸಿದಾಗಲೆಲ್ಲ ಹಲ್ಲು ನೋಡಿ, ಬೇಕಾದರೆ ಎರಡು ಸಲ ಅರ ಎಳೆಯಿರಿ. ಪೂರ್ತಿ ಮೊಂಡಾಗಲು ಬಿಟ್ಟವನಿಗೆ ಮಾತ್ರ ಸಾಣೆ ಮಿಷನ್ ಬೇಕಾಗುತ್ತದೆ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ. ಮೊದಲು ಸಂಘದ ಮಳಿಗೆಯಲ್ಲಿ ಮೂರೂ ಅಳತೆಯ ದುಂಡು ಅರ, ತಗಡಿನ ಹಿಡಿಕೆ, ಗೂಟದ ಅಳತೆ ತಗಡು ಇಡಿ. ಅರ ಸವೆದರೆ ಬದಲಿಸಬೇಕು, ಅದಕ್ಕೆ ಸದಸ್ಯ ಪೇಟೆಗೆ ಅಲೆಯುವಂತಾಗಬಾರದು. ಮಳೆಗಾಲಕ್ಕೆ ಮುಂಚೆ ಒಂದು ದಿನ ಕಲಿಕೆಯ ಶಿಬಿರ ಮಾಡಿ. ಮಿಷನ್ ಇಟ್ಟುಕೊಂಡ ಯಜಮಾನರಷ್ಟೇ ಅಲ್ಲ, ಅದನ್ನು ಕೈಯಲ್ಲಿ ಹಿಡಿಯುವ ಕೆಲಸಗಾರರೂ ಬರಬೇಕು. ಪೆಟ್ಟು ಬೀಳುವುದು ಅವರಿಗೇ ತಾನೆ? ಆಮೇಲೆ ಹಣ ಉಳಿದರೆ ಸಾಣೆ ಮಿಷನ್ ಬರಲಿ. ಆದರೆ ಅದನ್ನು ತಾಳ್ಮೆಯಿಂದ ನಡೆಸಲು ಕಲಿತ ಒಬ್ಬರ ಕೈಗೆ ಮಾತ್ರ ಕೊಡಿ, ಅದು ಕೆಟ್ಟ ಚೈನಿನ ಆಸ್ಪತ್ರೆಯಂತೆ ಇರಲಿ. ನಿತ್ಯದ ಊಟ ಆಸ್ಪತ್ರೆಯಲ್ಲಿ ಮಾಡುವುದಿಲ್ಲವಲ್ಲ!

ಕೊನೆಯ ಮಾತು ಯುವಕರಿಗೆ. ಮಿಷನ್ನಿನ ಸದ್ದು ಗಂಡಸುತನವಲ್ಲ. ಅರ ಹಿಡಿದು ಐದು ನಿಮಿಷ ಸುಮ್ಮನೆ ಕೂರುವವನೇ ನಿಜವಾದ ಕೆಲಸಗಾರ. ಅವನು ಸಂಜೆ ಕೈಕಾಲು ನೆಟ್ಟಗೆ ಮನೆಗೆ ಬರುತ್ತಾನೆ.

 ಊಟ ಆದ ಮೇಲೆ ಸಂಘದ ಜಗಲಿಯಲ್ಲಿ ಅರ, ಚೈನು ಇಟ್ಟುಕೊಂಡು ಕೂತಿರುತ್ತೇನೆ, ಕೈಯಾರೆ ಮಾಡಿ ನೋಡಬೇಕೆನ್ನುವವರು ಬನ್ನಿ.

ಜೈ ಸಹಕಾರ.