ಹೆಸರು ಬರೆಯುವ ಕೈ



ಸವಳಂಗದಲ್ಲಿ ನಿಂತು ಸಂಸ್ಕೃತಿಗಳ ಭಿನ್ನತೆಯನ್ನು ಕುರಿತು ಮಾತನಾಡುವವರು ದೂರದ ನಿದರ್ಶನಗಳನ್ನು ಅರಸಬೇಕಾಗಿಲ್ಲ. ಸಮೀಪದಲ್ಲಿಯೇ ಸೂರಗೊಂಡನಕೊಪ್ಪವಿದೆ. ಸಂತ ಸೇವಾಲಾಲರು 1739ರಲ್ಲಿ ಅಲ್ಲಿ ಜನಿಸಿದರೆಂಬುದು ಲಂಬಾಣಿ ಬಂಧುಗಳ ನಂಬಿಕೆ. ಪ್ರತಿ ಫೆಬ್ರವರಿಯಲ್ಲಿ ಅಲ್ಲಿಗೆ ಬರುವ ಭಕ್ತರನ್ನು, ಕನ್ನಡಿ ಹೊಲಿದ ಅವರ ಉಡುಪನ್ನು ಕಂಡು 'ಇವರು ಬೇರೆಯವರು' ಎಂದುಬಿಡುತ್ತೇವೆ.

ಅವರೂ ಹಾಗೆಯೇ ಹೇಳುತ್ತಾರೆನ್ನಿ. ತಮ್ಮವರು 'ಗೋರ್', ಹೊರಗಿನವರಾದ ನಾವೆಲ್ಲ 'ಕೋರ್'. ತಾನು, ಅನ್ಯ ಎಂಬ ಭೇದವನ್ನು ಎಣಿಸದ ಜನಾಂಗವೇ ಇಲ್ಲ. ಆದರೆ ಅವರು ನಮಗಿಟ್ಟ ಹೆಸರು ಯಾವ ಕಚೇರಿಯ ದಾಖಲೆಯನ್ನೂ ಸೇರಲಿಲ್ಲ. ಅಧಿಕಾರಸ್ಥರು ಅವರಿಗಿಟ್ಟ ಹೆಸರುಗಳು ಕಾನೂನುಗಳಾದವು.

ಹೇರೆತ್ತುಗಳ ಮೇಲೆ ಉಪ್ಪನ್ನೂ ದವಸವನ್ನೂ ಸಾಗಿಸುತ್ತಿದ್ದ ಈ ಜನರು ಟಿಪ್ಪುವಿನ ವಿರುದ್ಧದ ಯುದ್ಧಗಳಲ್ಲಿ ಕಂಪನಿಯ ಸೈನ್ಯಕ್ಕೆ ಧಾನ್ಯ ಒದಗಿಸಿದರು. ಆಗ ಅವರು ಬೇಕಾದವರು. ಮುಂದೆ ಸರ್ಕಾರದ ಉಪ್ಪಿನ ಏಕಸ್ವಾಮ್ಯವೂ ರಸ್ತೆ, ರೈಲುಗಳೂ ಆ ವ್ಯಾಪಾರವನ್ನು ನುಂಗಿದವು. ಸಂಚಾರವೇ ಸಂಶಯಕ್ಕೆ ಕಾರಣವಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಮತ್ತು ಅದರ ನಂತರದ ಕಾಯಿದೆಗಳ ಪಟ್ಟಿಗೆ ಹಲವೆಡೆ ಅವರನ್ನೂ ಸೇರಿಸಲಾಯಿತು. ಎಳೆಗೂಸೂ ಹುಟ್ಟಿನಿಂದಲೇ ಶಂಕಿತ! ಕಾಯಿದೆ 1952ರಲ್ಲಿ ರದ್ದಾಯಿತು. ನಮ್ಮ ನಾಲಿಗೆಯಿಂದ ರದ್ದಾಯಿತೇ ಎಂಬುದನ್ನು ಅವರವರ ಮನೆಯ ಜಗಲಿಯ ಮಾತಿನಿಂದ ತಿಳಿಯಬಹುದು.

ಇಂದಿನ ದಾಖಲೆಗಳೂ ವಿಚಿತ್ರವೇ. ಒಂದೇ ನುಡಿಯ ಈ ಜನರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರ ಮತ್ತು ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗಡಿಯ ಕಲ್ಲು ದಾಟಿದರೆ ಗುರುತೇ ಬದಲು. ಅವರ ನುಡಿಯನ್ನು ಜನಗಣತಿಯು ಹಿಂದಿಯೊಳಗೆ ಸೇರಿಸಿ ಎಣಿಸುತ್ತದೆ. 2011ರಲ್ಲಿ ಹೀಗೆ ಎಣಿಕೆಯಾದ ಲಂಬಾಣಿ ಭಾಷಿಕರು 32 ಲಕ್ಷಕ್ಕೂ ಹೆಚ್ಚು. ತಾಂಡಾಗಳಾದರೋ ಬಹುಕಾಲ ಕಂದಾಯ ಗ್ರಾಮಗಳೇ ಆಗಿರಲಿಲ್ಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ತಾವು ಹುಟ್ಟಿ ಬೆಳೆದ ಮನೆಗೇ ಅಷ್ಟು ತಡವಾಗಿ ಕಾಗದ!

ಕಥೋಲಿಕರಾದ ನಮಗೆ ಇದರ ಸಂಕಟ ತಿಳಿಯಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯು (1962–65) ದಾರಿ ತೆರೆಯುವವರೆಗೆ ನಮ್ಮ ಬಲಿಪೂಜೆ ಲತೀನಿನಲ್ಲಿತ್ತು. ನಮ್ಮ ಅಜ್ಜಿಯಂದಿರು ಅರ್ಥವಾಗದ ನುಡಿಗೆ 'ಆಮೆನ್' ಎನ್ನುತ್ತಿದ್ದರು. ಅವರನ್ನು ದಡ್ಡರೆಂದು ನಾವು ಎಂದೂ ಕರೆಯಲಿಲ್ಲ. ತಾಂಡಾದ ಮಗು ತರಗತಿಯಲ್ಲಿ ಕನ್ನಡಕ್ಕೆ ತಡವರಿಸಿದಾಗ ಮಾತ್ರ ಆ ಮಾತು ಥಟ್ಟನೆ ಬಾಯಿಗೆ ಬರುತ್ತದೆ. ಆ ಮಗುವಿನ ನುಡಿಯಲ್ಲಿ 'ನೀರು' ಎನ್ನಲು ಏನೆನ್ನುತ್ತಾರೆಂದು ಇಲ್ಲಿ ಕುಳಿತವರಲ್ಲಿ ಎಷ್ಟು ಮಂದಿ ಬಲ್ಲೆವು?